ತಾಯಿಯ ಮನೆಯ ಹಳೆಯ ಯಂತ್ರಗಳನ್ನು ಯಾರಿಗೆ ಕೊಡಬೇಕು?

ಪ್ರಶ್ನೆ: ಮೈಸೂರಿನಲ್ಲಿ ಒಬ್ಬರೇ ಇದ್ದ ನಮ್ಮ ತಾಯಿಯವರು ಈಗ ಬೆಂಗಳೂರಿಗೆ ನಮ್ಮೊಡನೆ ಬಂದಿದ್ದಾರೆ. ಮುಂದಿನ ತಿಂಗಳು ಅವರ ಮನೆಯನ್ನು ಬಾಡಿಗೆಗೆ ಕೊಡಬೇಕು. ಅಲ್ಲಿ 2001ರಲ್ಲಿ ಕೊಂಡ 165 ಲೀಟರಿನ ಫ್ರಿಜ್ ಇದೆ, ಈಗಲೂ ತಂಪು ಮಾಡುತ್ತದೆ. ಬಟ್ಟೆ ಹಿಂಡುವ ಟಬ್ ತಿರುಗದ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನ್, 21 ಇಂಚಿನ ಹಳೆಯ ಡಬ್ಬಾ ಟಿ.ವಿ., ನಿಂತುಹೋದ ಮಿಕ್ಸಿ, ಯುಪಿಎಸ್ ಬ್ಯಾಟರಿ ಮತ್ತು ಒಂದು ಡಬ್ಬಿ ತುಂಬ ಹಳೆಯ ಮೊಬೈಲ್‌ಗಳೂ ಇವೆ. ಗುಜರಿಯವರು ಎಲ್ಲಕ್ಕೂ ಸೇರಿಸಿ ಮೂರು ಸಾವಿರ ಕೊಡುತ್ತೇನೆ ಎಂದಿದ್ದಾರೆ. ತಾಯಿಯ ಮನೆಗೆಲಸಕ್ಕೆ ಬರುತ್ತಿದ್ದ ಮಹಿಳೆ ಫ್ರಿಜ್ ತಮಗೆ ಬೇಕೆಂದು ಕೇಳಿದ್ದಾರೆ. ನನ್ನ ಅಳಿಯ ಮಾತ್ರ, ಗುಜರಿಗೆ ಕೊಟ್ಟರೆ ಸುಟ್ಟು ಗಾಳಿ ಕೆಡಿಸುತ್ತಾರೆ, ಸರ್ಕಾರದ ನೋಂದಣಿ ಇರುವ ಮರುಬಳಕೆ ಘಟಕಕ್ಕೇ ಎಲ್ಲವನ್ನೂ ಕೊಡಬೇಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಆರು ಪ್ರಶ್ನೆಗಳಿವೆ, ಏಕೆಂದರೆ ಆ ಮನೆಯಲ್ಲಿರುವುದು ಆರು ಬೇರೆ ಬೇರೆ ವಸ್ತುಗಳು. ಗುಜರಿಯವರು ಒಟ್ಟು ಬೆಲೆ ಹೇಳಿದ್ದರಿಂದ ಅವೆಲ್ಲ ಒಂದೇ ರಾಶಿಯಾಗಿ ತೋರುತ್ತಿವೆ. ನಿಮ್ಮ ಅಳಿಯನವರ ಸಲಹೆಯೂ ಅವನ್ನು ರಾಶಿಯಾಗಿಯೇ ನೋಡುತ್ತದೆ. ಹಳೆಯ ಯಂತ್ರಗಳ ರಿಪೇರಿ ಮತ್ತು ಕಳಚುವಿಕೆ ಎರಡನ್ನೂ ಹತ್ತಿರದಿಂದ ಮಾಡಿಸಿರುವ ನನಗೆ ಈ ರಾಶಿಯ ಲೆಕ್ಕವೇ ಮೊದಲ ತೊಡಕೆಂದು ತೋರುತ್ತದೆ. ರಾಶಿಗೆ ಬೆಲೆ ಕಟ್ಟುವವರು ಅದರೊಳಗಿನ ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಮತ್ತು ಸೀಸದ ತೂಕವನ್ನಷ್ಟೇ ನೋಡುತ್ತಾರೆ. ಇನ್ನೂರು ರೂಪಾಯಿಯ ಬಿಡಿಭಾಗ ಹಾಕಿದರೆ ಇನ್ನೂ ಐದು ವರ್ಷ ನಡೆಯಬಹುದಾದ ಯಂತ್ರವೂ, ಒಡೆದರೆ ವಿಷ ಚೆಲ್ಲುವ ಯಂತ್ರವೂ ಆ ಲೆಕ್ಕದಲ್ಲಿ ಒಂದೇ ಸಾಲಿಗೆ ಬರುತ್ತವೆ.

ಅಳಿಯನವರ ಆತಂಕದಲ್ಲಿ ನಿಜಾಂಶವಿದೆ. ವೈರಿನ ಮೇಲಿನ ಪಿವಿಸಿ ಹೊದಿಕೆಯನ್ನು ಸುಲಿಯುವುದಕ್ಕಿಂತ ಸುಡುವುದು ಬೇಗ ಮುಗಿಯುವ ಕೆಲಸ, ಹೀಗಾಗಿ ಊರ ಹೊರಗಿನ ಖಾಲಿ ಜಾಗಗಳಲ್ಲಿ ವೈರ್ ಸುಡುವುದು ಇಂದಿಗೂ ನಡೆಯುತ್ತಿದೆ, ಅದರ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷಕಾರಿ ರಾಸಾಯನಿಕಗಳಿರುತ್ತವೆ. ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವ ಸಣ್ಣ ಶೆಡ್ಡುಗಳೂ ದೇಶದಲ್ಲಿ ಇವೆ. ಆದರೆ ಈ ಕೆಲಸ ಮಾಡುವವರು ನಿಮ್ಮ ಬೀದಿಗೆ ಗಾಡಿ ತಳ್ಳಿಕೊಂಡು ಬರುವ ವ್ಯಕ್ತಿಯಲ್ಲ. ಆತ ಸಂಗ್ರಹಿಸುತ್ತಾನೆ, ವಿಂಗಡಿಸುತ್ತಾನೆ, ಮೇಲಿನ ವ್ಯಾಪಾರಿಗೆ ಮಾರುತ್ತಾನೆ. ನಮ್ಮ ಊರುಗಳಲ್ಲಿ ಹಳೆಯ ಸಾಮಾನು ಕಸದ ರಾಶಿಗೆ ಬೀಳದಂತೆ ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ಈ ಜನ, ಅವರನ್ನು ಅಪರಾಧಿಗಳಂತೆ ಕಾಣುವುದು ಅನ್ಯಾಯ. ವಸ್ತು ಎಲ್ಲಿ, ಹೇಗೆ ಒಡೆಯಲ್ಪಡುತ್ತದೆ ಎಂಬುದು ಮಾತ್ರ ನಾವು ಕೇಳಲೇಬೇಕಾದ ಪ್ರಶ್ನೆ.

ಹಾಗೆಯೇ ನೋಂದಾಯಿತ ಘಟಕಕ್ಕೆ ಕೊಟ್ಟೊಡನೆ ಎಲ್ಲವೂ ಸರಿಯಾಯಿತು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮರುಬಳಕೆ ಘಟಕದ ಕೆಲಸ ಲೋಹವನ್ನು ಹಿಂದಕ್ಕೆ ಪಡೆಯುವುದು, ಅಲ್ಲಿಗೆ ಹೋದ ವಾಷಿಂಗ್ ಮಷೀನನ್ನು ಯಾರೂ ಸ್ವಿಚ್ ಹಾಕಿ ನೋಡುವುದಿಲ್ಲ. ರಿಪೇರಿಯಾಗಬಹುದಾದ ಯಂತ್ರವನ್ನು ಪುಡಿ ಮಾಡಿದರೆ ಅದನ್ನು ತಯಾರಿಸಲು ಹೋದ ಶಕ್ತಿ, ಶ್ರಮ ಎಲ್ಲವೂ ನಷ್ಟವಾಗುತ್ತವೆ. ಅಂಗಡಿಗಳ ಎಕ್ಸ್‌ಚೇಂಜ್ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಹಳೆಯದನ್ನು ಕಂಪನಿಯೇ ಒಯ್ದು ಶಾಸ್ತ್ರೀಯವಾಗಿ ವಿಲೇವಾರಿ ಮಾಡುತ್ತದೆ ಎಂದು ಗ್ರಾಹಕರು ಭಾವಿಸುತ್ತಾರೆ. ಬಹಳಷ್ಟು ಕಡೆ ಅಂಗಡಿಯವರು ಅದನ್ನು ಸಗಟು ವ್ಯಾಪಾರಿಗೆ ಮಾರುತ್ತಾರೆ, ಆತ ನಡೆಯುವುದನ್ನು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ನಡೆಯದ್ದನ್ನು ಗುಜರಿಗೂ ಕಳಿಸುತ್ತಾನೆ. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಆದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ಉತ್ತರ ಬಂದರೆ ಮಾತ್ರ ನಂಬಿ.

ಈಗ ಫ್ರಿಜ್. ನಿಮ್ಮ ಪಟ್ಟಿಯಲ್ಲಿ ಹೆಚ್ಚು ಎಚ್ಚರ ಬೇಕಾದ ವಸ್ತು ಇದು, ಅದಕ್ಕಾಗಿ ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಅದರ ಹಿಂಬದಿಯಲ್ಲೋ ಒಳಗೋಡೆಯ ಮೇಲೋ ಒಂದು ಫಲಕವಿರುತ್ತದೆ, ಅದರಲ್ಲಿ ಯಾವ ಅನಿಲ, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ನಮ್ಮ ದೇಶದಲ್ಲಿ ಹೊಸ ಫ್ರಿಜ್‌ಗಳ ತಯಾರಿಕೆಯಲ್ಲಿ ಸಿಎಫ್‌ಸಿ ಎಂಬ ಗುಂಪಿನ ಅನಿಲಗಳ ಬಳಕೆ ನಿಂತದ್ದು 2003ರ ಆರಂಭದಿಂದ. ಆದ್ದರಿಂದ 2001ರ ಫ್ರಿಜ್‌ನಲ್ಲಿ ಆ ಗುಂಪಿನ ಆರ್-12 ಇರುವ ಸಾಧ್ಯತೆ ಇದೆ, ಆಗಲೇ ಬದಲಾಗಿದ್ದ ಕಂಪನಿಯದಾದರೆ ಅದರ ಬದಲಿಗೆ ಬಂದ ಆರ್-134ಎ ಇರಬಹುದು. ಆರ್-12 ಓಝೋನ್ ಪದರವನ್ನು ತಿನ್ನುವ ಅನಿಲ. ಅದರ ಜೊತೆಗೆ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಅಂದರೆ ಒಂದು ಫ್ರಿಜ್‌ನಿಂದ ನೂರು ಗ್ರಾಂ ಆರ್-12 ಹೊರಬಿದ್ದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಹಾನಿ. ಆರ್-134ಎ ಓಝೋನನ್ನು ಹಾಳು ಮಾಡುವುದಿಲ್ಲ, ಆದರೆ ಅದೂ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ನಾನೂರು ಪಟ್ಟು ಪ್ರಬಲ. ಇತ್ತೀಚಿನ ಫ್ರಿಜ್‌ಗಳಲ್ಲಿರುವ ಆರ್-600ಎ ಈ ದೃಷ್ಟಿಯಿಂದ ನಿರುಪದ್ರವಿ, ಆದರೆ ಅದು ಅಡುಗೆ ಅನಿಲದ ಕುಲದ್ದು, ಹೊತ್ತಿಕೊಳ್ಳುತ್ತದೆ. ಕಿಡಿ ಹಾರುವ ಕಡೆ ಅದರ ಕೊಳವೆ ಕತ್ತರಿಸುವುದು ಅಪಾಯ.

ಗುಜರಿ ಅಂಗಡಿಯಲ್ಲಿ ಫ್ರಿಜ್ ಒಡೆಯುವುದನ್ನು ನೋಡಿದವರಿಗೆ ನಾನು ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದು ತಿಳಿಯುತ್ತದೆ. ಫ್ರಿಜ್ಜನ್ನು ಮುಂಭಾಗ ಕೆಳಗಾಗಿ ಮಲಗಿಸುತ್ತಾರೆ. ಕಂಪ್ರೆಸರಿನ ಪಕ್ಕದ ಕೊಳವೆಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸುತ್ತಾರೆ. ಹುಸ್ಸೆಂಬ ಸದ್ದು ಕ್ಷಣ ಕಾಲ ಬಂದು ನಿಲ್ಲುತ್ತದೆ, ಹಿಂದೆಯೇ ಎಣ್ಣೆ ಜಿನುಗಿ ಮಣ್ಣಿಗೆ ಇಳಿಯುತ್ತದೆ. ನಾಲ್ಕು ಬೋಲ್ಟು ಬಿಚ್ಚಿ ಕಂಪ್ರೆಸರನ್ನು ತೂಕಕ್ಕೆ ಇಡುತ್ತಾರೆ. ಬೆಲೆ ಬಾಳುವುದು ಅಷ್ಟೇ ಆದ್ದರಿಂದ ಉಳಿದ ಮೈಯೊಳಗಿನ ಹಳದಿ ಫೋಮನ್ನು ಕಿತ್ತು ಒಂದು ಮೂಲೆಗೆ ಎಸೆಯುತ್ತಾರೆ. ಆ ಕಾಲದ ಫ್ರಿಜ್‌ಗಳ ಫೋಮನ್ನು ಉಬ್ಬಿಸಿರುವುದೂ ಬಹುಮಟ್ಟಿಗೆ ಓಝೋನ್‌ಗೆ ಹಾನಿಕಾರಕ ಅನಿಲಗಳಿಂದಲೇ, ಮುರಿದಷ್ಟೂ ಅದು ಹೊರಬರುತ್ತದೆ. ಸರಿಯಾದ ಘಟಕದಲ್ಲಿ ಮೊದಲು ಯಂತ್ರದಿಂದ ಅನಿಲವನ್ನು ಎಳೆದು ಸಿಲಿಂಡರಿಗೆ ತುಂಬುತ್ತಾರೆ, ಎಣ್ಣೆ ಬಸಿಯುತ್ತಾರೆ, ಆಮೇಲೆ ಮೈಯನ್ನು ಒಡೆಯುತ್ತಾರೆ. ಫೋಮಿನ ಅನಿಲವನ್ನೂ ಹಿಡಿಯುವ ಮುಚ್ಚಿದ ಯಂತ್ರ ಎಲ್ಲ ಘಟಕಗಳಲ್ಲೂ ಇರುವುದಿಲ್ಲ, ಆದರೆ ಕೊಳವೆಯ ಅನಿಲವನ್ನಾದರೂ ಹಿಡಿಯದ ಘಟಕಕ್ಕೆ ಫ್ರಿಜ್ ಕೊಡಬೇಡಿ.

ಹಾಗಾದರೆ ಕೇಳಿದ ಮಹಿಳೆಗೇ ಕೊಟ್ಟುಬಿಡಬಹುದಲ್ಲ, ನಡೆಯುವ ಯಂತ್ರವನ್ನು ಏಕೆ ಒಡೆಯಬೇಕು ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ನಾನೂ ಅದನ್ನೇ ಹೇಳುತ್ತೇನೆ, ಈ ಫ್ರಿಜ್ ವಿಷಯದಲ್ಲಿ ಮಾತ್ರ ಹೇಳಲಾರೆ. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಸಡಿಲವಾಗಿ, ಫೋಮ್ ಹಳತಾದ ಫ್ರಿಜ್‌ನ ಕಂಪ್ರೆಸರ್ ಬಹುತೇಕ ಬಿಡುವಿಲ್ಲದೆ ಓಡುತ್ತದೆ. 120 ವಾಟಿನ ಕಂಪ್ರೆಸರ್ ದಿನಕ್ಕೆ ಇಪ್ಪತ್ತು ಗಂಟೆ ಓಡಿದರೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್. ಇದೇ ಅಳತೆಯ ಇಂದಿನ ಒಳ್ಳೆಯ ಸ್ಟಾರ್ ದರ್ಜೆಯ ಒಂದು ಬಾಗಿಲಿನ ಫ್ರಿಜ್ ದಿನಕ್ಕೆ ಅರ್ಧ ಯೂನಿಟ್ಟಿನ ಆಸುಪಾಸಿನಲ್ಲಿ ನಡೆಯುತ್ತದೆ. ಇದನ್ನು ಗೃಹಜ್ಯೋತಿಯ ಜೊತೆ ಇಟ್ಟು ನೋಡಿ. ಉಚಿತ ವಿದ್ಯುತ್ತಿನ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ, ಆ ಮನೆಯ 2022–23ರ ಸರಾಸರಿ ಬಳಕೆಗೆ ಶೇಕಡ 10ರಷ್ಟು, ತೀರ ಕಡಿಮೆ ಬಳಸುವವರಿಗೆ 10 ಯೂನಿಟ್, ಸೇರಿಸಿ ಅದನ್ನು ನಿಗದಿ ಮಾಡಿದ್ದಾರೆ. ಐವತ್ತು ಅರವತ್ತು ಯೂನಿಟ್ ಬಳಸುತ್ತಿದ್ದ ಕುಟುಂಬಕ್ಕೆ ಈ ಫ್ರಿಜ್ ಬಂದರೆ ಬಳಕೆ ದುಪ್ಪಟ್ಟಾಗುತ್ತದೆ, ಮಿತಿಗಿಂತ ಹೆಚ್ಚಾದದ್ದಕ್ಕೆ ಪ್ರತಿ ತಿಂಗಳೂ ದುಡ್ಡು ತೆರಬೇಕಾಗುತ್ತದೆ. ನೀವು ಪ್ರೀತಿಯಿಂದ ಕೊಟ್ಟದ್ದು ಅವರಿಗೆ ತಿಂಗಳ ಸಾಲದಂತೆ ಕೂರುತ್ತದೆ. ಜೊತೆಗೆ ಬಾಡಿಗೆ ಮನೆಗಳಲ್ಲಿ ಅನೇಕ ಕಡೆ ಅರ್ಥಿಂಗ್ ಸರಿಯಿರುವುದಿಲ್ಲ, ಇಷ್ಟು ಹಳೆಯ ಯಂತ್ರದಲ್ಲಿ ವೈರಿಂಗಿನ ಹೊದಿಕೆ ಬಿರುಕು ಬಿಟ್ಟಿರಬಹುದು, ಬರಿಗಾಲಿನಲ್ಲಿ ನಿಂತು ಬಾಗಿಲು ಮುಟ್ಟಿದವರಿಗೆ ಶಾಕ್ ಹೊಡೆಯುವ ಅಪಾಯವಿದೆ.

ನನ್ನ ಅಂದಾಜು ಸರಿಯೇ ಎಂದು ನೀವೇ ಪರೀಕ್ಷಿಸಬಹುದು. ಮನೆಯ ಬೇರೆಲ್ಲ ಸ್ವಿಚ್ಚುಗಳನ್ನು ಆರಿಸಿ, ಫ್ರಿಜ್ ಒಂದನ್ನೇ ಇಪ್ಪತ್ತನಾಲ್ಕು ಗಂಟೆ ಬಿಟ್ಟು, ಮೊದಲೂ ಆಮೇಲೂ ಮೀಟರ್ ನೋಡಿ. ಒಂದು ಯೂನಿಟ್ಟಿನ ಒಳಗೆ ಬಂದರೆ ಗ್ಯಾಸ್ಕೆಟ್ ಬದಲಿಸಿ, ಎಲೆಕ್ಟ್ರಿಷಿಯನ್‌ನಿಂದ ಕರೆಂಟ್ ಲೀಕೇಜ್ ಪರೀಕ್ಷೆ ಮಾಡಿಸಿ ಕೊಡುವ ವಿಚಾರ ಮಾಡಬಹುದು. ಎರಡಕ್ಕಿಂತ ಹೆಚ್ಚಾದರೆ ಅದರ ಆಯುಷ್ಯ ಮುಗಿದಿದೆ. ಹಾಗಾದಲ್ಲಿ, ಆ ಮಹಿಳೆಗೆ ಸಹಾಯ ಮಾಡಲೇಬೇಕೆಂಬ ಮನಸ್ಸಿದ್ದರೆ, ಉಳಿದ ವಸ್ತುಗಳಿಂದ ಬಂದ ಹಣಕ್ಕೆ ಸ್ವಲ್ಪ ಸೇರಿಸಿ, ರಿಪೇರಿ ಅಂಗಡಿಯಿಂದ ಆರೇಳು ವರ್ಷದೊಳಗಿನ ಸೆಕೆಂಡ್ ಹ್ಯಾಂಡ್ ಫ್ರಿಜ್ ಒಂದನ್ನು ಗ್ಯಾರಂಟಿ ಬರೆಸಿಕೊಂಡು ಕೊಡಿಸಿ. ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು ಎಂದು ಹೇಳುವ ಅಂಗಡಿಯವರಿಂದ ಮಾತ್ರ ದೂರವಿರಿ. ಫ್ರಿಜ್‌ನ ಗ್ಯಾಸ್ ಬಳಕೆಯಿಂದ ಖರ್ಚಾಗುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಸೋರಿಕೆ ಮುಚ್ಚದೆ ತುಂಬಿಸುವುದು ಹಣವನ್ನೂ ಗಾಳಿಯನ್ನೂ ಕೆಡಿಸುತ್ತದೆ.

ವಾಷಿಂಗ್ ಮಷೀನ್ ಕಥೆ ಇದಕ್ಕೆ ವಿರುದ್ಧ. ಸೆಮಿ ಆಟೊಮ್ಯಾಟಿಕ್ ಯಂತ್ರದಷ್ಟು ಸುಲಭವಾಗಿ ರಿಪೇರಿಯಾಗುವ ಯಂತ್ರ ಮನೆಯಲ್ಲಿ ಇನ್ನೊಂದಿಲ್ಲ ಎಂದೇ ಹೇಳುತ್ತೇನೆ. ಒಗೆಯಲು ಒಂದು ಮೋಟರ್, ಹಿಂಡಲು ಇನ್ನೊಂದು, ಎರಡಕ್ಕೂ ಬೇರೆ ಬೇರೆ ಟೈಮರ್, ಎಲೆಕ್ಟ್ರಾನಿಕ್ ಬೋರ್ಡಿನ ಗೋಜಿಲ್ಲ. ಹಿಂಡುವ ಟಬ್‌ನ ಮುಚ್ಚಳ ಹಾಕಿ, ಟೈಮರ್ ತಿರುಗಿಸಿ ಕಿವಿಗೊಟ್ಟು ಕೇಳಿ. ಗುಂಯ್ ಎಂಬ ಸದ್ದು ಬಂದು ಟಬ್ ತಿರುಗದಿದ್ದರೆ ಕೆಪಾಸಿಟರ್ ಹೋಗಿರಬೇಕು, ಇಲ್ಲವೇ ಬ್ರೇಕ್ ಬಿಡುತ್ತಿಲ್ಲ, ಅಥವಾ ಟಬ್‌ನ ಕೆಳಗಿನ ಸೀಲ್ ಹರಿದು ನೀರಿಳಿದು ಶಾಫ್ಟ್ ತುಕ್ಕು ಹಿಡಿದಿದೆ. ಸದ್ದೇ ಬರದಿದ್ದರೆ ಮುಚ್ಚಳದ ಸ್ವಿಚ್ ಅಥವಾ ಟೈಮರ್ ಕಡೆ ನೋಡಬೇಕು. ಇವುಗಳಲ್ಲಿ ಯಾವುದೂ ಯಂತ್ರವನ್ನು ಎಸೆಯುವ ಕಾರಣವಾಗಲಾರದು. ಮೋಟರಿನ ವೈಂಡಿಂಗೇ ಸುಟ್ಟಿದ್ದರೆ ಲೆಕ್ಕ ಬೇರೆ. ಆಗ ರಿಪೇರಿಯ ಖರ್ಚು ಅದೇ ಬಗೆಯ ಸೆಕೆಂಡ್ ಹ್ಯಾಂಡ್ ಯಂತ್ರದ ಬೆಲೆಯ ಅರ್ಧವನ್ನು ದಾಟುತ್ತದೆಯೇ ಎಂದು ನೋಡಿ, ದಾಟಿದರೆ ಕೈಬಿಡುವುದು ಮೇಲು ಎಂಬುದು ನಾನು ಅನುಸರಿಸುವ ನಿಯಮ. ರಿಪೇರಿ ಮಾಡಿಸಿದ ಮೇಲೆ ಈ ಯಂತ್ರವನ್ನು ಆ ಮಹಿಳೆಗೆ ಕೊಡಿ. ವಾರಕ್ಕೆ ಕೆಲವೇ ಗಂಟೆ ನಡೆಯುವುದರಿಂದ ಕರೆಂಟಿನ ಹೊರೆ ಕಡಿಮೆ, ಬಕೆಟ್ಟಿನಲ್ಲಿ ನೀರು ಸುರಿದೂ ಬಳಸಬಹುದು, ಇಡೀ ದಿನ ಬೇರೆಯವರ ಮನೆಗಳಲ್ಲಿ ದುಡಿದು ಬಂದವರ ತೋಳಿಗೆ ಫ್ರಿಜ್ಜಿಗಿಂತ ಹೆಚ್ಚು ಆಸರೆಯಾಗುವ ವಸ್ತು ಇದು.

ಟಿ.ವಿ. ನಿಮ್ಮ ರಾಶಿಯಲ್ಲಿ ಯಾರಿಗೂ ಬೇಡದ ವಸ್ತು, ಅದೇ ಅದರ ಅಪಾಯ. ಪಿಕ್ಚರ್ ಟ್ಯೂಬಿನ ಹಿಂಭಾಗದ ಆಲಿಕೆಯಾಕಾರದ ಗಾಜಿನಲ್ಲಿ ಸೀಸದ ಆಕ್ಸೈಡ್ ಸುಮಾರು ಐದನೇ ಒಂದು ಭಾಗದಷ್ಟಿರುತ್ತದೆ. ಗುಜರಿಯಲ್ಲಿ ಟ್ಯೂಬಿನ ಕುತ್ತಿಗೆಯನ್ನು ಸುತ್ತಿಗೆಯಿಂದ ತಟ್ಟಿ ಮುರಿದು, ಅದರ ಸುತ್ತಲಿನ ತಾಮ್ರದ ಸುರುಳಿಯನ್ನು ಕಳಚಿಕೊಂಡು, ಬೋರ್ಡನ್ನು ಕಿತ್ತುಕೊಂಡು ಗಾಜನ್ನು ಬಿಟ್ಟುಬಿಡುತ್ತಾರೆ. ಹಿಂದೆ ಆ ಗಾಜಿನಿಂದ ಹೊಸ ಟ್ಯೂಬ್ ಮಾಡುತ್ತಿದ್ದರು, ಈಗ ಅಂಥ ಟಿ.ವಿ.ಯೇ ತಯಾರಾಗುವುದಿಲ್ಲವಾದ್ದರಿಂದ ಗಾಜು ಹಳ್ಳಕ್ಕೋ ಖಾಲಿ ಸೈಟಿಗೋ ಹೋಗುತ್ತದೆ. ಟಿ.ವಿ. ನಡೆಯುತ್ತಿದ್ದು ನಿಜವಾಗಿ ನೋಡುವವರು ಇದ್ದರೆ ಕೊಡಿ, ಇಲ್ಲವಾದರೆ ಹಿಂಬದಿಯ ಮುಚ್ಚಳವನ್ನೂ ಬಿಚ್ಚದೆ ಇಡಿಯಾಗಿ ನೋಂದಾಯಿತ ಘಟಕಕ್ಕೆ ತಲುಪಿಸಿ. ಅದಕ್ಕೆ ಯಾರೂ ಹಣ ಕೊಡುವುದಿಲ್ಲ, ಸಾಗಣೆಗೆ ನೀವೇ ಕೊಡಬೇಕಾಗಿ ಬಂದರೂ ಬೇಸರಪಡಬೇಡಿ.

ಉಳಿದವು ಸಣ್ಣ ವಿಷಯಗಳು. ಮಿಕ್ಸಿಯನ್ನು ತಲೆಕೆಳಗು ಮಾಡಿ ನೋಡಿ, ಅಡಿಯಲ್ಲಿ ಒಂದು ಪುಟ್ಟ ಓವರ್‌ಲೋಡ್ ಗುಂಡಿ ಇರುತ್ತದೆ, ಅದು ಹೊರಗೆ ಬಂದಿದ್ದರೆ ಒತ್ತಿದರೆ ಸಾಕು. ಅದಲ್ಲವಾದರೆ ಕಾರ್ಬನ್ ಬ್ರಷ್ ಸವೆದಿರಬಹುದು, ಅದು ಯಾವ ಮಿಕ್ಸಿ ರಿಪೇರಿ ಅಂಗಡಿಯಲ್ಲೂ ಕಡಿಮೆ ಖರ್ಚಿನಲ್ಲಿ ಸರಿಹೋಗುತ್ತದೆ. ಯುಪಿಎಸ್ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಗೇ ಹಿಂದಿರುಗಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಸೀಸಕ್ಕೆ ಬೆಲೆಯಿರುವುದರಿಂದ ಒಳ್ಳೆಯ ಮೊತ್ತವೂ ಸಿಗುತ್ತದೆ. ಗುಜರಿಯವರ ಮೂರು ಸಾವಿರದಲ್ಲಿ ದೊಡ್ಡ ಪಾಲು ಈ ಬ್ಯಾಟರಿಯದೇ ಎಂದು ನನ್ನ ಊಹೆ. ಭಾರ ಕಡಿಮೆ ಮಾಡಲೆಂದು ಆಮ್ಲವನ್ನು ಮೋರಿಗೆ ಸುರಿಯುವುದನ್ನು ಮಾತ್ರ ಯಾರಿಗೂ ಬಿಡಬೇಡಿ. ಮೊಬೈಲ್‌ಗಳಲ್ಲಿ ಹೊಟ್ಟೆ ಉಬ್ಬಿದ ಬ್ಯಾಟರಿ ಇದ್ದರೆ ಚುಚ್ಚದೆ, ಒತ್ತದೆ ಒಣ ಮರಳಿರುವ ಡಬ್ಬಿಯಲ್ಲಿ ಬೇರೆ ಇಡಿ. ನಡೆಯುವ ಫೋನುಗಳಲ್ಲಿ ನಿಮ್ಮ ಖಾತೆಗಳಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡಿ, ಚಿತ್ರಗಳನ್ನು ಅಳಿಸಿದರೆ ಸಾಕು ಎಂದುಕೊಳ್ಳಬೇಡಿ.

ಇನ್ನು ತಲುಪಿಸುವ ಬಗೆ. 2022ರಲ್ಲಿ ಹೊರಬಂದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ವಿದ್ಯುತ್, ಎಲೆಕ್ಟ್ರಾನಿಕ್ ಸಾಮಾನುಗಳ ಕಸ) ನಿಯಮಗಳು ಹಿಂದೆ 21 ಬಗೆಯ ವಸ್ತುಗಳಿಗೆ ಸೀಮಿತವಾಗಿದ್ದ ತಯಾರಕರ ಹೊಣೆಗಾರಿಕೆಯನ್ನು 106ಕ್ಕೆ ವಿಸ್ತರಿಸಿವೆ. ತಯಾರಕರು ಆಯುಷ್ಯ ಮುಗಿದ ವಸ್ತುಗಳಲ್ಲಿ ಮೊದಲ ಎರಡು ವರ್ಷ ಶೇಕಡ 60, ಮುಂದಿನ ಎರಡು ವರ್ಷ 70, 2027–28ರಿಂದ 80ರಷ್ಟನ್ನು ಮರುಬಳಕೆ ಮಾಡಿಸಬೇಕು. ಇದನ್ನು ಅವರು ಘಟಕಗಳಿಂದ ಪ್ರಮಾಣಪತ್ರ ಕೊಂಡು ಪೂರೈಸಬಹುದು, ಆ ಪ್ರಮಾಣಪತ್ರಗಳು ಮರಳಿ ಪಡೆದ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣಗಳ ತೂಕದ ಲೆಕ್ಕದಲ್ಲಿ ಹುಟ್ಟುತ್ತವೆ. ನಿಮ್ಮ ಟಿ.ವಿ.ಯ ಗಾಜೂ ಫ್ರಿಜ್‌ನ ಫೋಮೂ ಯಾರಿಗೂ ಬೇಡವಾಗುವುದಕ್ಕೆ, ಚಿಕ್ಕ ಊರುಗಳಿಗೆ ಸಂಗ್ರಹಣೆಯ ಗಾಡಿ ಬಾರದಿರುವುದಕ್ಕೆ ಈ ವ್ಯವಸ್ಥೆಯೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಆದರೂ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ ಹಳೆಯ ಯಂತ್ರವನ್ನು ಒಯ್ಯುವಂತೆ ಕೇಳಬಹುದು, ಮೊದಲು ಅದನ್ನೇ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬೆಂಗಳೂರು ಈ ಕೆಲಸಕ್ಕೆ ಹೊಸದಲ್ಲ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲೊಂದಾದ ಇ-ಪರಿಸರ 2005ರಲ್ಲಿ ದಾಬಸ್‌ಪೇಟೆಯಲ್ಲಿ ಆರಂಭವಾಯಿತು, ಇಂದು ನೋಂದಣಿ ಪಡೆದ ಹಲವು ಘಟಕಗಳು ನಗರದ ಸುತ್ತ ಇವೆ. ಆದರೆ ಒಂದು ಟಿ.ವಿ., ಒಂದು ಫ್ರಿಜ್‌ಗಾಗಿ ಅವರ ಗಾಡಿ ಮೈಸೂರಿಗೆ ಬರುವುದಿಲ್ಲ. ಇದಕ್ಕೆ ನಾನು ಕಂಡ ಕೆಲಸ ಮಾಡುವ ದಾರಿ, ಬಡಾವಣೆಯ ನಿವಾಸಿಗಳ ಸಂಘ ಸೇರಿ ಒಂದು ಭಾನುವಾರ ಗೊತ್ತು ಮಾಡುವುದು. ಅಂದು ಒಬ್ಬ ಅನುಭವಿ ಮೆಕ್ಯಾನಿಕ್‌ನನ್ನು ದಿನದ ಕೂಲಿ ಕೊಟ್ಟು ಕೂರಿಸಿ, ಬಂದ ಪ್ರತಿಯೊಂದನ್ನೂ ಅವನು ಪರೀಕ್ಷಿಸಿ ನಡೆಯುವುದು, ರಿಪೇರಿಯಾಗುವುದು, ಮುಗಿದದ್ದು ಎಂದು ಮೂರು ಕಡೆ ಇಡಿಸಲಿ. ಮುಗಿದದ್ದನ್ನು ಒಯ್ಯುವ ಘಟಕದ ಜೊತೆ ಮೊದಲೇ ಕರಾರು ಮಾಡಿಕೊಳ್ಳಿ: ಕಂಪ್ರೆಸರ್ ಒಯ್ಯುವವರು ಪಿಕ್ಚರ್ ಟ್ಯೂಬನ್ನೂ ಒಯ್ಯಬೇಕು. ನಿಮ್ಮ ಗುಜರಿಯವರನ್ನು ಹೊರಗಿಡಬೇಡಿ. ಬೀದಿಬೀದಿಯ ಪರಿಚಯವಿರುವವರು ಅವರೇ. ಕಳಚದೆ, ಒಡೆಯದೆ ಇಡಿಯಾಗಿ ತಂದ ಪ್ರತಿ ಯಂತ್ರಕ್ಕೆ ಅವರ ಲೋಹದ ಲಾಭಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಅವರಷ್ಟು ಚೆನ್ನಾಗಿ ಸಂಗ್ರಹಿಸುವವರು ಸಿಗುವುದಿಲ್ಲ. ನಡೆಯುವ ವಸ್ತುಗಳ ಮಾರಾಟದಿಂದ ಬಂದ ಹಣ ಆ ಹೆಚ್ಚುವರಿಗೂ ಸಾಗಣೆಗೂ ಸಾಕಾಗುವುದನ್ನು ನಾನು ನೋಡಿದ್ದೇನೆ. ಕೊಡುವಾಗ ಘಟಕದ ನೋಂದಣಿ ಸಂಖ್ಯೆ, ವಸ್ತುಗಳ ಪಟ್ಟಿ ಮತ್ತು ತೂಕ ಇರುವ ರಸೀದಿ ಪಡೆಯಿರಿ, ಆ ಸಂಖ್ಯೆಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ತಾಳೆ ನೋಡಿ.

ನಿಮಗೆ ಇರುವುದು ಒಂದು ತಿಂಗಳು. ಈ ವಾರವೇ ಬ್ಯಾಟರಿಯನ್ನು ಅಂಗಡಿಗೆ ಕೊಡಿ, ಮೆಕ್ಯಾನಿಕ್‌ನನ್ನು ಕರೆಸಿ ವಾಷಿಂಗ್ ಮಷೀನ್ ಮತ್ತು ಮಿಕ್ಸಿಯನ್ನು ನೋಡಿಸಿ, ಫ್ರಿಜ್‌ನ ಮೀಟರ್ ಪರೀಕ್ಷೆ ಮಾಡಿ. ಮೊಬೈಲ್‌ಗಳು ಬೆಂಗಳೂರಿಗೆ ನಿಮ್ಮ ಚೀಲದಲ್ಲೇ ಬರಬಹುದು, ಉಬ್ಬಿದ ಬ್ಯಾಟರಿಯವನ್ನು ಮಾತ್ರ ಬಸ್ಸಿನಲ್ಲಿ ತರಬೇಡಿ. ತಿಂಗಳೊಳಗೆ ಗಾಡಿ ಗೊತ್ತಾಗದಿದ್ದರೆ ಟಿ.ವಿ. ಮತ್ತು ಫ್ರಿಜ್ಜನ್ನು ಮಳೆ ತಾಗದ ಕಡೆ, ಫ್ರಿಜ್ಜನ್ನು ನಿಲ್ಲಿಸಿಯೇ, ಇಡಿಸಿ. ಬಳಸದ ಫ್ರಿಜ್ಜನ್ನು ಶೆಡ್ಡಿನಲ್ಲೋ ವರಾಂಡದಲ್ಲೋ ಇಡುವಾಗ ಅದರ ಬಾಗಿಲನ್ನು ಬಿಚ್ಚಿ ಪಕ್ಕಕ್ಕೆ ಒರಗಿಸಿಡಿಸುವುದನ್ನು ಮರೆಯಬೇಡಿ, ಬಾಡಿಗೆಗೆ ಬರುವವರ ಮನೆಯಲ್ಲಿ ಚಿಕ್ಕ ಮಕ್ಕಳಿರಬಹುದು, ಆಟದಲ್ಲಿ ಒಳಹೊಕ್ಕ ಮಗುವಿಗೆ ಉಸಿರು ಕಟ್ಟುವ ಅಪಾಯವಿದೆ.